ಸೇದುವವರಿಗೆ ಹಡಗಿನಲ್ಲಿ ಬೇರೆ ಕ್ಯಾಬಿನ್ ಏಕಿಲ್ಲ?

ಪ್ರಶ್ನೆ: ನಮ್ಮ ಕುಟುಂಬದ ಏಳು ಮಂದಿ ಬರುವ ಡಿಸೆಂಬರಿನಲ್ಲಿ ಮುಂಬಯಿಯಿಂದ ಹೊರಡುವ ವಿಹಾರ ಹಡಗಿನಲ್ಲಿ ನಾಲ್ಕು ದಿನಗಳ ಪ್ರವಾಸಕ್ಕೆ ಹೋಗುವವರಿದ್ದೇವೆ. ಎಪ್ಪತ್ತು ದಾಟಿದ ನನ್ನ ಮಾವನವರಿಗೆ ಊಟವಾದ ಮೇಲೆ ಒಂದು ಬೀಡಿ ಬೇಕೇ ಬೇಕು. ಟಿಕೇಟು ಮಾಡಿಸುವಾಗ ಸೇದುವವರ ಕ್ಯಾಬಿನ್ ಕೇಳಿದೆವು. ಹಾಗೆಂಬುದೇ ಇಲ್ಲ, ಬಾಲ್ಕನಿಯಲ್ಲೂ ಸೇದಬಾರದು ಎಂದರು. ದೊಡ್ಡ ಹೋಟೆಲಿನವರು ಕೊಡುವ ಸೌಲಭ್ಯವನ್ನು ಅದಕ್ಕಿಂತ ಹೆಚ್ಚು ಹಣ ಪಡೆಯುವ ಹಡಗಿನವರು ಏಕೆ ಕೊಡಬಾರದು?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನ್ಯಾಯವಿದೆ. ನಮ್ಮ ದೇಶದಲ್ಲಿ 2003ರ ತಂಬಾಕು ನಿಯಂತ್ರಣ ಕಾಯಿದೆಯಡಿ 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳು, 30 ಅಥವಾ ಅದಕ್ಕಿಂತ ಹೆಚ್ಚು ಕೋಣೆಗಳಿರುವ ಹೋಟೆಲುಗಳಲ್ಲಿ ಸೇದುವವರಿಗೆ ಬೇರೆ ಕೋಣೆಗಳನ್ನು ಗೊತ್ತುಪಡಿಸಲು ಅವಕಾಶ ಕೊಟ್ಟಿವೆ. ಆದರೆ ಆ ಕೋಣೆಗಳೆಲ್ಲ ಒಂದೇ ಭಾಗದಲ್ಲಿರಬೇಕು, ಬಾಗಿಲ ಮೇಲೆ ಫಲಕವಿರಬೇಕು, ಮತ್ತು ಅಲ್ಲಿನ ಹೊಗೆ ಕಟ್ಟಡದ ಹೊರಗೆ ಹೋಗಬೇಕೇ ಹೊರತು ಕಾರಿಡಾರಿಗಾಗಲಿ ಬೇರೆ ಕೋಣೆಗಳಿಗಾಗಲಿ ನುಸುಳಬಾರದು. ಈ ಕೊನೆಯ ಷರತ್ತನ್ನು ಪಾಲಿಸುವುದು ನೆಲದ ಮೇಲೆಯೇ ಕಷ್ಟ. ಅಮೆರಿಕದ ಕ್ಯಾಲಿಫೋರ್ನಿಯಾದ ಹೋಟೆಲುಗಳಲ್ಲಿ ಪರೀಕ್ಷಿಸಿದಾಗ, ಸೇದುವ ಕೋಣೆಗಳನ್ನು ಇಟ್ಟುಕೊಂಡ ಹೋಟೆಲುಗಳ ಸೇದದ ಕೋಣೆಗಳಲ್ಲಿಯೂ ನಿಕೋಟಿನ್ ಅಂಶ ಸಿಕ್ಕಿತ್ತು. ಹಡಗಿನಲ್ಲಂತೂ ಸಾವಿರಾರು ಜನರು ತೆಳುವಾದ ಗೋಡೆಗಳ ನಡುವೆ, ಇಕ್ಕಟ್ಟಾದ ಕಾರಿಡಾರುಗಳ ಇಕ್ಕೆಲದಲ್ಲಿ ಮಲಗಿರುತ್ತಾರೆ. ಒಂದು ಬಾಗಿಲು ತೆರೆದರೆ ನಾಲ್ಕು ಕೋಣೆಯವರಿಗೆ ವಾಸನೆ ತಿಳಿಯುತ್ತದೆ.

ಆದರೂ ಹಡಗಿನವರು ಹೆದರುವುದು ವಾಸನೆಗಿಂತ ಹೆಚ್ಚಾಗಿ ಬೆಂಕಿಗೆ. 2006ರ ಮಾರ್ಚ್ 23ರ ನಸುಕಿನಲ್ಲಿ ಕೆರಿಬಿಯನ್ ಸಮುದ್ರದಲ್ಲಿ ಜಮೈಕಾದ ಕಡೆಗೆ ಸಾಗುತ್ತಿದ್ದ ‘ಸ್ಟಾರ್ ಪ್ರಿನ್ಸೆಸ್’ ಹಡಗಿನ ಒಂದು ಬಾಲ್ಕನಿಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಯಾರೋ ಆರಿಸದೆ ಎಸೆದ ಸಿಗರೇಟಿನ ತುಂಡೇ ಕಾರಣವಾಗಿರುವ ಸಂಭವ ಹೆಚ್ಚು ಎಂದು ತನಿಖೆಯವರು ಹೇಳಿದರು. ಬಾಲ್ಕನಿಗಳ ನಡುವಿನ ಅಡ್ಡತಡೆಗಳು ಉರಿಯುವ ಪ್ಲಾಸ್ಟಿಕ್ಕಿನವಾಗಿದ್ದುದರಿಂದ ಬೆಂಕಿ ನೋಡನೋಡುತ್ತಲೇ ಮೇಲಿನ ಡೆಕ್ಕುಗಳಿಗೆ ಹತ್ತಿತು. 79 ಕ್ಯಾಬಿನ್‌ಗಳು ಬಳಕೆಗೆ ಬಾರದಂತಾದವು, ಇನ್ನೂ 200ಕ್ಕೂ ಹೆಚ್ಚು ಕ್ಯಾಬಿನ್‌ಗಳು ಬೆಂಕಿ, ಹೊಗೆ ಮತ್ತು ನೀರಿನಿಂದ ಹಾಳಾದವು, ಒಬ್ಬ ಪ್ರಯಾಣಿಕರು ತೀರಿಕೊಂಡರು. ಬಾಲ್ಕನಿಯ ಕುರ್ಚಿ ಮೇಜುಗಳು ಸುಲಭವಾಗಿ ಉರಿಯದಂಥವಾಗಿರಬೇಕು, ಇಲ್ಲದಿದ್ದರೆ ಅಲ್ಲಿ ಬೆಂಕಿ ಆರಿಸಲು ನೀರು ಸಿಂಪಡಿಸುವ ಸ್ಥಿರ ವ್ಯವಸ್ಥೆ ಇರಬೇಕು ಎಂಬ ಅಂತರರಾಷ್ಟ್ರೀಯ ನಿಯಮ 2008ರಲ್ಲಿ ಜಾರಿಗೆ ಬಂದದ್ದು ಈ ಘಟನೆಯ ನಂತರವೇ. ಹೋಟೆಲಿಗೆ ಬೆಂಕಿ ಬಿದ್ದರೆ ಜನ ರಸ್ತೆಗೆ ಓಡುತ್ತಾರೆ. ನಡುಗಡಲಿನಲ್ಲಿ ಓಡುವುದೆಲ್ಲಿಗೆ?

ಇನ್ನು ಯಾರೂ ಕೇಳದ ಒಂದು ಸಂಗತಿಯನ್ನು ಹೇಳಬೇಕು. ಹೊರಗಿನ ಒಂದು ಕಂಪನಿಯ ಪ್ರಯಾಣಿಕರ ಹಡಗುಗಳಲ್ಲಿ ನಾನು ಹನ್ನೊಂದು ವರ್ಷ ಕ್ಯಾಬಿನ್ ಶುಚಿಗೊಳಿಸುವ ಕೆಲಸ ಮಾಡಿದವನು. ಕ್ಯಾಬಿನ್‌ನಲ್ಲಿ ಸೇದುವುದಕ್ಕೆ ಅವಕಾಶವಿದ್ದ ಕಾಲ ಅದು. ಪ್ರಯಾಣಿಕರು ಬೆಳಿಗ್ಗೆ ಇಳಿದು ಮಧ್ಯಾಹ್ನಕ್ಕೆ ಹೊಸಬರು ಹತ್ತುವ ನಡುವಿನ ಕೆಲವೇ ಗಂಟೆಗಳಲ್ಲಿ ಹತ್ತಾರು ಕೋಣೆಗಳನ್ನು ಮುಗಿಸಬೇಕಾಗಿತ್ತು. ಸೇದಿದವರ ಕೋಣೆಯ ಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿದರೆ ಬಟ್ಟೆ ಚಹಾದಲ್ಲಿ ಅದ್ದಿದಂತೆ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಹಾಸಿಗೆಯ ಹೊದಿಕೆ ಬದಲಿಸಬಹುದು, ಪರದೆಯನ್ನೂ ಬದಲಿಸಬಹುದು, ಆದರೆ ನೆಲಹಾಸಿನೊಳಗೆ ಮತ್ತು ದಿಂಬಿನ ಹತ್ತಿಯೊಳಗೆ ಕುಳಿತ ವಾಸನೆ ಸುಗಂಧ ಸಿಂಪಡಿಸಿದಷ್ಟೂ ಹೇಸಿಗೆಯಾಗುತ್ತಿತ್ತು. ‘ಸೇದುವವರ ಕ್ಯಾಬಿನ್’ ಎಂದರೆ ಸೇದುವವರು ಮಾತ್ರ ಇರುವ ಜಾಗವಲ್ಲ. ಜೀವಮಾನದಲ್ಲಿ ಬೀಡಿ ಮುಟ್ಟದ ನನ್ನಂಥವನು ದಿನಕ್ಕೆರಡು ಬಾರಿ ಅದರೊಳಗೆ ಹೋಗಿ ಬರಬೇಕಾಗಿತ್ತು. ಬೇರೆಯವರ ಹೊಗೆಯನ್ನು ಉಸಿರಾಡುವುದರಲ್ಲಿ ಇಷ್ಟರವರೆಗೆ ಅಪಾಯವಿಲ್ಲ ಎಂಬ ಮಿತಿಯೇ ಇಲ್ಲವೆಂದು ಅಮೆರಿಕ ಸರ್ಕಾರದ ಸಾರ್ವಜನಿಕ ಆರೋಗ್ಯದ ಮುಖ್ಯ ವೈದ್ಯರಾದ ಸರ್ಜನ್ ಜನರಲ್ 2006ರ ವರದಿಯಲ್ಲಿ ಹೇಳಿದ್ದನ್ನು ಓದಿದಾಗ ನನಗೆ ನೆನಪಾದದ್ದು ಆ ಕಂದು ಬಟ್ಟೆಯೇ.

ಹಾಗೆಂದು ನಿಮ್ಮ ಮಾವನವರನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮ ಮನೆಯಲ್ಲಿ ಅಮ್ಮ ಬೀಡಿ ಕಟ್ಟಿಯೇ ನಮ್ಮನ್ನು ಶಾಲೆಗೆ ಕಳುಹಿಸಿದರು. ತಡ್ಪೆಯಲ್ಲಿ (ಮೊರದಲ್ಲಿ) ಎಲೆಯೂ ಹೊಗೆಸೊಪ್ಪೂ ಇರದ ದಿನವನ್ನು ನಾನು ಕಂಡದ್ದಿಲ್ಲ. ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದನ್ನು ಕೇರಳ ಹೈಕೋರ್ಟು 1999ರಲ್ಲಿಯೇ ನಿಷೇಧಿಸಿದಾಗ ನಮ್ಮ ಕಾಸರಗೋಡಿನ ಪೇಟೆಯಲ್ಲಿ ಕೇಳಿಬಂದ ಗೊಣಗಾಟವೂ ನೆನಪಿದೆ. ಪೂರ್ಣ ನಿಷೇಧ ಹೇರಿದ ಹಡಗೂ ಒಂದಿತ್ತು: 1998ರಲ್ಲಿ ಕಾರ್ನಿವಲ್ ಕಂಪನಿ ‘ಪ್ಯಾರಡೈಸ್’ ಎಂಬ ಹಡಗನ್ನು ಎಲ್ಲಿಯೂ ಸೇದುವಂತಿಲ್ಲ ಎಂಬ ನಿಯಮದೊಂದಿಗೆ ಇಳಿಸಿತು. ಸಿಕ್ಕಿಬಿದ್ದವರಿಗೆ 250 ಡಾಲರ್ ದಂಡ ಹಾಕಿ, ಮುಂದಿನ ಬಂದರಿನಲ್ಲಿ ಇಳಿಸಿಬಿಡುತ್ತಿದ್ದರು. ಆದರೆ ಸೇದದವರು ಬಾರಿನಲ್ಲಿಯೂ ಕ್ಯಾಸಿನೊದಲ್ಲಿಯೂ ಕಡಿಮೆ ಖರ್ಚು ಮಾಡುತ್ತಾರೆಂಬುದು ಲೆಕ್ಕದಲ್ಲಿ ಕಂಡಮೇಲೆ ಕೆಲವೇ ವರ್ಷಗಳಲ್ಲಿ ಆ ನಿಯಮವನ್ನು ಕೈಬಿಟ್ಟರು. ಲೆಕ್ಕದ ಮಾತು ಅವರಿಗಿರಲಿ. ಸೇದಲು ಎಲ್ಲಿಯೂ ಜಾಗವಿಲ್ಲದಿದ್ದರೆ ಮನುಷ್ಯ ಶೌಚಾಲಯದಲ್ಲಿ ಕದ್ದು ಸೇದಿ ತುಂಡನ್ನು ಕಾಗದದ ಬುಟ್ಟಿಗೆ ಹಾಕುತ್ತಾನೆ ಎಂಬುದು ನಾನು ಕಣ್ಣಾರೆ ಕಂಡದ್ದು. ಆದ್ದರಿಂದ ಕ್ಯಾಬಿನ್ ಬೇಡ, ಆದರೆ ತೆರೆದ ಡೆಕ್ಕಿನಲ್ಲಿ ನೆರಳು, ಕುರ್ಚಿ ಮತ್ತು ಮರಳು ತುಂಬಿದ ಬೂದಿಪಾತ್ರೆಗಳಿರುವ ಒಂದು ಮರ್ಯಾದೆಯ ಜಾಗ ಬೇಕು ಎಂಬುದು ನನ್ನ ಅಭಿಪ್ರಾಯ. ಹೆಚ್ಚಿನ ಹಡಗುಗಳಲ್ಲಿ ಅಂಥದ್ದು ಇರುತ್ತದೆ. ಆ ಜಾಗ ಯಾವ ಡೆಕ್ಕಿನಲ್ಲಿದೆ ಎಂದು ಮೊದಲೇ ಕೇಳಿ, ಲಿಫ್ಟಿಗೆ ಹತ್ತಿರವಾದ ಕ್ಯಾಬಿನ್ ಪಡೆದುಕೊಳ್ಳಿ. ವಯಸ್ಸಾದವರಿಗೆ ನಡಿಗೆ ಉಳಿಯುತ್ತದೆ. ಬೀಡಿಯ ತುಂಡನ್ನು ಸಮುದ್ರಕ್ಕೆ ಎಸೆಯಬಾರದೆಂದೂ ಅವರಿಗೆ ಹೇಳಿ. ಗಾಳಿ ಅದನ್ನು ಕೆಳಗಿನ ಬಾಲ್ಕನಿಗೆ ತಂದು ಹಾಕುತ್ತದೆ.

ಪ್ರಶ್ನೆ: ಹೊಗೆಯೇ ಇಲ್ಲದ ಇ-ಸಿಗರೇಟನ್ನು ಕ್ಯಾಬಿನ್‌ನಲ್ಲಿ ಬಳಸಬಹುದಲ್ಲವೇ?
– ಓದುಗರೊಬ್ಬರು, ಕುಂಬಳೆ

ಉತ್ತರ: ಬೇಡ. ಬಹುತೇಕ ಹಡಗು ಕಂಪನಿಗಳು ಅದನ್ನೂ ಸಿಗರೇಟಿನ ಸಾಲಿಗೇ ಸೇರಿಸಿವೆ. ಅದಕ್ಕಿಂತ ಮುಖ್ಯವಾಗಿ, 2019ರ ಕಾಯಿದೆಯ ಪ್ರಕಾರ ನಮ್ಮ ದೇಶದಲ್ಲಿ ಇ-ಸಿಗರೇಟಿನ ಆಮದು, ಸಾಗಣೆ, ಮಾರಾಟ ಎಲ್ಲವೂ ಅಪರಾಧ. ಮೊದಲ ಬಾರಿಗೇ ಒಂದು ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಹೊರದೇಶದ ಬಂದರಿನಲ್ಲಿ ಕೊಂಡದ್ದನ್ನು ಚೀಲದಲ್ಲಿಟ್ಟುಕೊಂಡು ಮರಳಿ ಇಳಿಯುವಾಗ ಕಸ್ಟಮ್ಸಿನವರ ಮುಂದೆ ನಿಲ್ಲಬೇಕಾದವರು ನೀವೇ.