ಮನೆ ಬಿದ್ದಿರುವಾಗ ಭಜನೆ ಬೇಕಾ?

ಪ್ರಶ್ನೆ: ನಮ್ಮದು ಮಲಪ್ರಭಾ ದಂಡೆಯ ಊರು. ನೆರೆಗೆ ಹಿತ್ತಲ ಗೋಡೆ ಬಿತ್ತು, ಎಮ್ಮೆ ಹೋಯಿತು. ಈಗ ಶಾಲೆಯಲ್ಲಿದ್ದೇವೆ. ಸಂಜೆ ಗಂಡಸರು ಭಜನೆ ಶುರು ಮಾಡಿದ್ದಾರೆ. ತಾಳದ ಸದ್ದು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಮೊದಲೆಲ್ಲ ಹಾಡುತ್ತಿದ್ದ ಮಾವನವರು ಈಗ ಬಾಯೇ ಬಿಡುತ್ತಿಲ್ಲ. ಇಂಥ ಹೊತ್ತಲ್ಲಿ ಹಾಡು ಬೇಕಾ?
— ಹೆಸರು ಬೇಡ, ಬೆಳಗಾವಿ ಜಿಲ್ಲೆ

ಉತ್ತರ: ನಿಮಗೆ ಸಿಟ್ಟು ಬರೋದು ಸಹಜ. ಬಲವಂತಕ್ಕೆ ಹೋಗಿ ಕೂರಬೇಡಿ. ಆದರೆ ನಿಮ್ಮ ಕಡೆ ಸಾವಾದ ಮನೆಯಲ್ಲೂ ರಾತ್ರಿಯಿಡೀ ಭಜನೆ ಮಾಡ್ತಾರೆ, ಅಲ್ವಾ? ಅದನ್ನು ಯಾರೂ ಸಂಭ್ರಮ ಅನ್ನೋದಿಲ್ಲ. ಆ ರಾತ್ರಿ ಹೇಗಾದರೂ ಕಳೆಯಬೇಕಲ್ಲ, ಅದಕ್ಕೆ. ಶಾಲೆಯ ಭಜನೆಯೂ ಅಂಥದ್ದೇ.

ನೆರೆ ಇಳಿದರೂ ಮೈಯೊಳಗಿನ ಹೆದರಿಕೆ ಬೇಗ ಇಳಿಯೋದಿಲ್ಲ. ತತ್ವಪದದ ಸಾಲು ಎಳೆದು ಹಾಡುವಾಗ ಉಸಿರು ನಿಧಾನಕ್ಕೆ ಹೊರಗೆ ಹೋಗುತ್ತದೆ, ಎದೆಬಡಿತ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಕಾಯಿಲೆ ತಡೆಯಲಿಕ್ಕೂ ಚಿಕಿತ್ಸೆಗೂ ಕಲೆ ನೆರವಾಗಬಲ್ಲದು ಅಂತ ಹೇಳಿತು. ನಿಮ್ಮೂರಿನ ಭಜನೆಯವರು ಅದನ್ನೆಲ್ಲ ಕಾಯುತ್ತ ಕೂತಿರಲಿಲ್ಲ ಬಿಡಿ.

2019ರ ಆಗಸ್ಟ್ ನೆರೆಯಲ್ಲಿ ನಾನೊಂದು ಪರಿಹಾರ ಕೇಂದ್ರಕ್ಕೆ ಹೋಗಿದ್ದೆ. ಒಬ್ಬ ಅಜ್ಜಿ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಮೂರನೇ ದಿನ ಸೂಜಿ-ದಾರ ಕೇಳಿದರು. ದಾನ ಬಂದ ಹಳೇ ಸೀರೆ ಹರಿದು, ಬೆಂಚು ಸರಿಸಿ, ಕೌದಿ ಹೊಲಿಯಲು ಕೂತರು. ಸಂಜೆಯ ಹೊತ್ತಿಗೆ ನಾಲ್ಕು ಮೂಲೆಗೆ ನಾಲ್ಕು ಹೆಂಗಸರು. ಕಣ್ಣು ಹೊಲಿಗೆಯ ಮೇಲೆ, ಕೈ ಕೆಲಸದಲ್ಲಿ. ಆಗ ಮಾತು ಬಂತು. ತೇಲಿಹೋದ ಜೋಳದ ಚೀಲದ ಮಾತು, ಕೊಟ್ಟಿಗೆಯ ಮಾತು. ಎದುರು ಕೂತು 'ಹೇಗಿದ್ದೀರಿ' ಅಂತ ಕೇಳಿದ ನನಗೆ ಅವರು ಏನೂ ಹೇಳಿರಲಿಲ್ಲ.

ನಿಮಗೆ ಭಜನೆ ಬೇಡವಾದರೆ ಇಂಥದ್ದೇನಾದರೂ ಹಿಡಿಯಿರಿ. ಮಾವನವರಿಗೆ 'ಹಾಡಿ' ಅನ್ನಬೇಡಿ. ತಾಳ ಸುಮ್ನೆ ಅವರ ಪಕ್ಕದಲ್ಲಿಡಿ, ಅಷ್ಟೇ. ಅವರು ಊಟ ಬಿಟ್ಟರೆ, ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ ಮನಸ್ಸಿನ ಆರೋಗ್ಯಕ್ಕೆ ಸರ್ಕಾರ ನಡೆಸುವ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಬೀಳೋದಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. 'ಬದುಕಿ ಏನು ಮಾಡಲಿ' ಅನ್ನೋ ಮಾತು ಬಂದರಂತೂ ಅವರನ್ನು ಒಬ್ಬರೇ ಬಿಡಬೇಡಿ, ಅವತ್ತೇ ಫೋನ್ ಮಾಡಿ.

ಇನ್ನೊಂದು. ಪರಿಹಾರಕ್ಕೆ ಎಮ್ಮೆಯ ಪಂಚನಾಮೆ ಆಯಿತಾ? ಆಗಿಲ್ಲದಿದ್ದರೆ ನಾಳೆ ಬೆಳಗ್ಗೆ ಮಾವನವರನ್ನೂ ಕರೆದುಕೊಂಡು ತಲಾಟಿಯ (ಗ್ರಾಮ ಲೆಕ್ಕಿಗರ) ಹತ್ತಿರ ಹೋಗಿ. ಬಿದ್ದ ಗೋಡೆಯ ಫೋಟೊ ಜೊತೆಗಿರಲಿ.