ಸುಳಿ ಸುತ್ತಿದರೆ ವ್ಯಾನ್ ಗೋ ಆಗುವುದಿಲ್ಲ

ಪ್ರಶ್ನೆ: ಎಂಟನೇ ತರಗತಿಯ ಮಕ್ಕಳಿಗೆ ವ್ಯಾನ್ ಗೋ ಶೈಲಿಯಲ್ಲಿ ರೇಖಾಚಿತ್ರ ಹೇಳಿಕೊಡುತ್ತಿದ್ದೇನೆ. ‘ಸ್ಟಾರಿ ನೈಟ್’ ತೋರಿಸಿ, ಇದೇ ರೀತಿ ಒಂದು ಮರ ಬಿಡಿಸಿ ಎಂದರೆ ಎಲ್ಲರೂ ಹಾಳೆ ತುಂಬ ಸುಳಿ ಸುತ್ತಿ ಕೊಡುತ್ತಾರೆ. ಮರವೂ ಸುಳಿ, ಗೋಡೆಯೂ ಸುಳಿ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ಮಾದರಿಯ ಆಯ್ಕೆಯಲ್ಲಿ. 1889ರ ಜೂನ್‌ನಲ್ಲಿ ಬಿಡಿಸಿದ ಆ ಚಿತ್ರ ತೈಲವರ್ಣದ್ದು. ಅದನ್ನು ಪೆನ್ಸಿಲ್‌ನಲ್ಲಿ ಅನುಸರಿಸಲು ಹೊರಟರೆ ಬಣ್ಣದ ದಪ್ಪ, ಕುಂಚದ ಗುರುತು ಎರಡೂ ಕೈಬಿಟ್ಟು ಬರೀ ಸುಳಿ ಉಳಿಯುತ್ತದೆ. ಅದರಲ್ಲೂ ಸುಳಿ ಇರುವುದು ಆಕಾಶದಲ್ಲಿ ಮಾತ್ರ. ಸೈಪ್ರೆಸ್ ಮರದ ಗೆರೆಗಳು ಉದ್ದುದ್ದ, ಮೇಲ್ಮುಖ. ಊರಿನ ಮನೆಗಳದು ಗಿಡ್ಡ, ನೇರ. ಮಕ್ಕಳ ಕಣ್ಣಿಗೆ ಇದು ತಾನಾಗಿ ಬೀಳುವುದಿಲ್ಲ.

ಅದರ ಬದಲು 1888ರಲ್ಲಿ ದಕ್ಷಿಣ ಫ್ರಾನ್ಸಿನ ಆರ್ಲ್ ಊರಿನಲ್ಲಿದ್ದಾಗ ವ್ಯಾನ್ ಗೋ ಶಾಯಿಯಲ್ಲಿ ಬಿಡಿಸಿದ ಚಿತ್ರಗಳನ್ನು ತೋರಿಸಿ. ಅಲ್ಲಿಗೆ ಹತ್ತಿರದ ಮೊಂಮಜೂರ್ ಗುಡ್ಡದಿಂದ ಕಾಣುವ ಬಯಲಿನ ಚಿತ್ರ ಪಾಠಕ್ಕೆ ಹೇಳಿ ಮಾಡಿಸಿದಂತಿದೆ. ಹತ್ತಿರದ ಹುಲ್ಲು ದಪ್ಪ ಗೀಟು. ದೂರ ಹೋದಂತೆ ಗೀಟು ಸಣ್ಣದಾಗಿ, ಕೊನೆಗೆ ಚುಕ್ಕಿಯಾಗುತ್ತದೆ. ಬೂದು ಬಣ್ಣ ತೀಡುವುದು, ಬೆರಳಿನಿಂದ ಉಜ್ಜುವುದು ಯಾವುದೂ ಇಲ್ಲದೆ ಮೈಲಿಗಟ್ಟಲೆ ಬಯಲು ಕಾಣಿಸುತ್ತದೆ.

ಆ ಗೀಟುಗಳು ಹುಟ್ಟಿದ್ದು ಉಪಕರಣದಿಂದ. ಆತ ಬಳಸುತ್ತಿದ್ದುದು ಜೊಂಡಿನ ಕಡ್ಡಿಯನ್ನು ಕೆತ್ತಿ ಮಾಡಿದ ಲೆಕ್ಕಣಿಕೆ. ಅದು ಸ್ಟೀಲ್ ನಿಬ್ಬಿನಷ್ಟು ಬಳುಕುವುದಿಲ್ಲ, ಶಾಯಿ ಹೆಚ್ಚು ಹಿಡಿಯುವುದಿಲ್ಲ. ಕೆಲವು ಗೀಟು ಎಳೆಯುವಷ್ಟರಲ್ಲಿ ಒಣಗುತ್ತದೆ. ಉದ್ದನೆಯ ನುಣುಪು ಗೆರೆ ಎಳೆಯಲು ಅದು ಬಿಡುವುದೇ ಇಲ್ಲ. ಸ್ಕೆಚ್ ಪೆನ್ನು ಕೊಟ್ಟು ಈ ಶೈಲಿ ಬರಲಿ ಎಂದರೆ ಬಾರದು, ಅದರ ಗೆರೆ ಮೊದಲಿನಿಂದ ಕೊನೆಯವರೆಗೆ ಒಂದೇ ದಪ್ಪ.

ಪೆನ್ಸಿಲ್ ದಪ್ಪದ, ಸುಮಾರು 18 ಸೆಂ.ಮೀ. ಉದ್ದದ ಒಣ ಜೊಂಡು ಅಥವಾ ತೆಳು ಬಿದಿರು ಸಾಕು. ಒಂದು ತುದಿಯನ್ನು 2–3 ಸೆಂ.ಮೀ. ಓರೆಯಾಗಿ ಕೆತ್ತಿ ಒಳಗಿನ ತಿರುಳು ತೆಗೆಯಿರಿ. ಮೂತಿ 2–3 ಮಿ.ಮೀ. ಅಗಲ ಉಳಿಯುವಂತೆ ಎರಡೂ ಬದಿ ಸವರಿ, ಮಧ್ಯದಲ್ಲಿ 1 ಸೆಂ.ಮೀ. ಸೀಳು ಕೊಡಿ. ಸೀಳು ನಿಲ್ಲಬೇಕಾದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯದಿದ್ದರೆ ಕಡ್ಡಿ ಉದ್ದಕ್ಕೂ ಬಿರಿಯುತ್ತದೆ. ಕೊನೆಗೆ ಮೂತಿಯನ್ನು ಮರದ ತುಂಡಿನ ಮೇಲಿಟ್ಟು ಒಂದೇ ಏಟಿಗೆ ನೇರ ಕತ್ತರಿಸಿ. ಚಾಕುವಿನ ಕೆಲಸ ನಿಮ್ಮದೇ. ಮಕ್ಕಳ ಕೈಗೆ ಕೊಡಬೇಡಿ. ಇಷ್ಟೆಲ್ಲ ಆಗದಿದ್ದರೆ ಐಸ್‌ಕ್ರೀಂ ಕಡ್ಡಿಯನ್ನು ಓರೆಯಾಗಿ ಮುರಿದು ಶಾಯಿಗೆ ಅದ್ದಿದರೂ ನಡೆಯುತ್ತದೆ. ಗೆರೆ ಒರಟಾಗುತ್ತದೆ, ಆದರೆ ಗುಣ ಅದೇ.

ಕಾಗದ ಚದರ ಮೀಟರಿಗೆ 150 ಗ್ರಾಂ ತೂಗುವ ಕಾರ್ಟ್ರಿಜ್ (ಚಿತ್ರ ಬಿಡಿಸುವ ದಪ್ಪ ಕಾಗದ) ಇರಲಿ. ತೆಳು ಕಾಗದದಲ್ಲಿ ಶಾಯಿ ಹರಡಿ ಗೀಟಿನ ಅಂಚು ಹೋಗುತ್ತದೆ, ಮೂತಿಗೆ ನಾರು ಸಿಕ್ಕಿಕೊಳ್ಳುತ್ತದೆ. ಶಾಯಿಯನ್ನು ಬಾಟಲಿಯ ಮುಚ್ಚಳದಲ್ಲಿ ಅರ್ಧ ಸೆಂ.ಮೀ. ಆಳಕ್ಕಷ್ಟೇ ಹಾಕಿಕೊಡಿ. ಅರ್ಧಕ್ಕರ್ಧ ಬೊಟ್ಟು ಬೀಳುವುದು ಇಲ್ಲೇ ನಿಲ್ಲುತ್ತದೆ.

ಮೊದಲ 40 ನಿಮಿಷದಲ್ಲಿ ಚಿತ್ರ ಬಿಡಿಸಲು ಹೇಳಲೇಬೇಡಿ. ಎ4 ಹಾಳೆಯನ್ನು ನಾಲ್ಕು ಬಾರಿ ಮಡಚಿದರೆ 16 ಚೌಕಗಳಾಗುತ್ತವೆ. ಆತನ ರೇಖಾಚಿತ್ರ ನೋಡಿಕೊಂಡು ಒಂದೊಂದು ಚೌಕದಲ್ಲಿ ಒಂದೊಂದು ಗುರುತು: ಚುಕ್ಕಿ, ಅಲ್ಪವಿರಾಮದಂಥ ಕೊಕ್ಕೆ, ಬಾಚಣಿಗೆಯ ಹಲ್ಲಿನಂಥ ಸಾಲು, ಅರ್ಧಚಂದ್ರ, ಓರೆಗೀಟು. ಅದೇ ಗುರುತು ಒಂದು ಚೌಕದಲ್ಲಿ ದಟ್ಟ, ಇನ್ನೊಂದರಲ್ಲಿ ವಿರಳ. ಕಡ್ಡಿ ಒಣಗುತ್ತಾ ಬಂದಾಗ ಬರುವ ಚೂರುಚೂರು ಗೆರೆಗೂ ಒಂದು ಚೌಕ ಮೀಸಲಿಡಿ.

ಮುಂದಿನ ತರಗತಿಗೆ ಎದುರಿಗೆ ನಿಜವಾದ ವಸ್ತು ಬೇಕು: ಕುಂಡದ ಗಿಡ, ಮುದುಡಿದ ಬಟ್ಟೆ, ಒಣಹುಲ್ಲಿನ ಕಂತೆ. ಯಾವುದು ಎಲ್ಲಿ ಎಂದು ಗುರುತಿಸಲು ಪೆನ್ಸಿಲ್‌ನಲ್ಲಿ ಆರೇಳು ತೆಳು ಗೆರೆ ಎಳೆದುಕೊಳ್ಳಲಿ. ವ್ಯಾನ್ ಗೋ ಕೂಡ ಎಷ್ಟೋ ಸಲ ಮೊದಲು ಪೆನ್ಸಿಲ್‌ನಲ್ಲಿ ಬಿಡಿಸಿಕೊಂಡೇ ಶಾಯಿ ಹಿಡಿಯುತ್ತಿದ್ದ. ಆಮೇಲೆ ಮೂರೇ ಕಟ್ಟಳೆ. ಸುತ್ತಲೂ ಮುಚ್ಚಿದ ಹೊರಗೆರೆ ಬೇಡ. ಅಕ್ಕಪಕ್ಕದ ಎರಡು ಜಾಗಕ್ಕೆ ಒಂದೇ ಗುರುತು ಬೇಡ. ಹಾಳೆಯ ಮೂರನೇ ಒಂದು ಭಾಗ ಬಿಳಿಯಾಗಿಯೇ ಉಳಿಯಬೇಕು. ಹೊರಗೆರೆ ಹಾಕಲು ಬಿಟ್ಟರೆ ಮಕ್ಕಳು ಒಳಗೆಲ್ಲ ರಂಗೋಲಿ ತುಂಬುತ್ತಾರೆ, ಮೂರನೆಯದನ್ನು ಮರೆತರೆ ಹಾಳೆಯೆಲ್ಲ ಒಂದೇ ಕಪ್ಪು.

ಗೀಟಿನ ದಿಕ್ಕನ್ನು ವಸ್ತುವೇ ಹೇಳಬೇಕು. ಹುಲ್ಲಾದರೆ ಬುಡದಿಂದ ಮೇಲಕ್ಕೆ, ಕುಂಡವಾದರೆ ಅದರ ದುಂಡನ್ನು ಬಳಸಿ. ಗೊತ್ತಾಗದ ಮಗುವಿಗೆ ವಸ್ತುವಿನ ಮೇಲೆ ಒಮ್ಮೆ ಬೆರಳಾಡಿಸಲು ಹೇಳಿ. ಬೆರಳು ಓಡಿದ ದಾರಿಯೇ ಗೀಟಿನ ದಾರಿ.

ಪ್ರಶ್ನೆ: ‘ಭಾವ ತುಂಬಿ ಬಿಡಿಸಿ’ ಎಂದರೆ ಕಣ್ಣೀರಿನ ಮುಖ, ಒಡೆದ ಹೃದಯ ಬಿಡಿಸುತ್ತಾರೆ. ಇಲ್ಲದಿದ್ದರೆ ಬೇಗಬೇಗ ಗೀಚುತ್ತಾರೆ. ಏನು ಹೇಳಬೇಕು?

ಉತ್ತರ: ದುಃಖ, ಸಂತೋಷ ಎಂಬ ಮಾತುಗಳನ್ನೇ ಎತ್ತಬೇಡಿ. ಗೀಚಿದ ಮಾತ್ರಕ್ಕೆ ಭಾವ ಬರುವುದಿಲ್ಲ. ಆವೇಶದಲ್ಲಿ ಬಿಡಿಸಿದಂತೆ ಕಾಣುವ ವ್ಯಾನ್ ಗೋ ಚಿತ್ರಗಳಲ್ಲಿ ಗೀಟಿನ ಲೆಕ್ಕಾಚಾರ ಬಹಳ ಬಿಗಿ.

ಒಂದೇ ಕುರ್ಚಿಯನ್ನು ಎರಡು ಹಾಳೆಯಲ್ಲಿ, ತಲಾ 15 ನಿಮಿಷ ಬಿಡಿಸಲಿ. ಮೊದಲನೆಯದಕ್ಕೆ ‘ಭಾರ’ ಎಂಬ ಸೂಚನೆ, ಎರಡನೆಯದಕ್ಕೆ ‘ಒಣಗಿದ್ದು’. ಮೈಗೆ ತಿಳಿಯುವ ಮಾತಿಗೆ ಕೈ ಸ್ಪಂದಿಸುತ್ತದೆ. ಭಾರ ಎಂದಾಗ ಕಾಲಿನ ಬುಡದಲ್ಲಿ ಗೀಟು ಒತ್ತಾಗುತ್ತದೆ, ಒತ್ತಡ ಹೆಚ್ಚುತ್ತದೆ. ಒಣಗಿದ್ದು ಎಂದಾಗ ಶಾಯಿ ಕಡಿಮೆಯಾಗಿ ಗೆರೆ ತುಂಡಾಗುತ್ತದೆ. ಎರಡನ್ನೂ ಅಕ್ಕಪಕ್ಕ ಅಂಟಿಸಿ, ಯಾವುದಕ್ಕೆ ಯಾವ ಸೂಚನೆ ಇತ್ತೆಂದು ಬೇರೆ ಮಕ್ಕಳು ಊಹಿಸಲಿ. ಊಹೆ ತಪ್ಪಿದರೆ ಎರಡರಲ್ಲೂ ಒತ್ತಡ ಒಂದೇ ಇದೆ ಎಂದರ್ಥ. ಅಂಥ ಮಗು ಮಣಿಕಟ್ಟನ್ನು ಮೇಜಿಗೆ ಊರಿ ಬಿಡಿಸುತ್ತಿರುತ್ತದೆ. ನಿಂತುಕೊಂಡು, ಕಡ್ಡಿಯನ್ನು ಇನ್ನಷ್ಟು ಮೇಲೆ ಹಿಡಿದು ಬಿಡಿಸಲು ಹೇಳಿ.

ಪ್ರಶ್ನೆ: ಇದು ನಕಲು ಆಗುವುದಿಲ್ಲವೇ? ಅಂಕ ಹೇಗೆ ಕೊಡುವುದು?

ಉತ್ತರ: 1888ರ ಬೇಸಿಗೆಯಲ್ಲಿ ವ್ಯಾನ್ ಗೋ ತನ್ನದೇ ವರ್ಣಚಿತ್ರಗಳನ್ನು ಶಾಯಿಯಲ್ಲಿ ಮತ್ತೆ ಬಿಡಿಸಿ ಚಿತ್ರಕಾರ ಗೆಳೆಯರಾದ ಎಮಿಲ್ ಬರ್ನಾರ್, ಜಾನ್ ರಸೆಲ್ ಮತ್ತು ತಮ್ಮ ಥಿಯೋ ಮೂವರಿಗೂ ಕಳಿಸಿದ್ದ. ಸಮುದ್ರದ ದೋಣಿಗಳ ಚಿತ್ರ ಈ ಮೂವರಿಗೂ ಹೋಗಿದೆ. ಮೂರರಲ್ಲೂ ಅಲೆಯ ಗೀಟು ಒಂದೇ ತೆರನಾಗಿಲ್ಲ. ಆ ಮೂರನ್ನೂ ಮುದ್ರಿಸಿ ಗೋಡೆಗೆ ಹಾಕಿದರೆ ನಕಲಿನ ಪ್ರಶ್ನೆಗೆ ಮಕ್ಕಳೇ ಉತ್ತರಿಸುತ್ತಾರೆ. 16 ಚೌಕದ ಹಾಳೆಯನ್ನು ನಕಲು ಮಾಡಿಸಿ, ತಪ್ಪಿಲ್ಲ. ಚಿತ್ರವನ್ನು ಮಾತ್ರ ಎದುರಿನ ವಸ್ತು ನೋಡಿಯೇ ಬಿಡಿಸಬೇಕು.

20 ಅಂಕವಿದ್ದರೆ ಗುರುತುಗಳ ವೈವಿಧ್ಯಕ್ಕೆ 6, ದಿಕ್ಕು ವಸ್ತುವಿಗೆ ಹೊಂದಿದ್ದಕ್ಕೆ 6, ಹತ್ತಿರ–ದೂರದ ವ್ಯತ್ಯಾಸಕ್ಕೆ 4, ಬಿಟ್ಟ ಬಿಳಿಗೆ 4. ಬೊಟ್ಟು ಬಿದ್ದದ್ದಕ್ಕೆ ಅಂಕ ಕಳೆಯಬೇಡಿ. ಕಳೆದರೆ ಮುಂದಿನ ವಾರ ಎಲ್ಲರೂ ಸ್ಕೆಚ್ ಪೆನ್ನು ತರುತ್ತಾರೆ.