ಗೊತ್ತಿಲ್ಲದೆ ತಿಂದರೂ ನಿಷೇಧವೇ?

ಜಿಮ್ ಟ್ರೇನರ್ ಕೊಟ್ಟ ಲೇಬಲ್ ಇಲ್ಲದ ಪುಡಿಯನ್ನು ನಿಮ್ಮ 19ರ ಓಟಗಾರ ತಮ್ಮ ತಿಂದಿದ್ದಾನೆ, ಡೋಪಿಂಗ್ (ನಿಷೇಧಿತ ಮದ್ದಿನ) ಟೆಸ್ಟಲ್ಲಿ ಸಿಕ್ಕಿದರೆ 'ನನಗೆ ಗೊತ್ತಿರಲಿಲ್ಲ' ಅಂದರೆ ಬಿಡ್ತಾರಾ ಅಂತ ಕೇಳಿದ್ದೀರಿ. ಬಿಡಲ್ಲ. ಮೂತ್ರದ ಸ್ಯಾಂಪಲ್‌ನಲ್ಲಿ ಸಿಕ್ಕಿದ್ದಕ್ಕೆ ಹೊಣೆ ಓಟಗಾರನದ್ದೇ, ಕೊಟ್ಟವರು ಯಾರು ಅನ್ನೋದು ಆಮೇಲಿನ ಮಾತು.

ನಮ್ಮ ಸಿದ್ದಾಪುರದ ಓಟಗಾರ್ತಿ ಅಶ್ವಿನಿ ಅಕ್ಕುಂಜಿಯವರದ್ದೇ ನೋಡಿ. 2010ರ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್, ರಿಲೇ ಎರಡರಲ್ಲೂ ಚಿನ್ನ. ಮರುವರ್ಷವೇ ಸ್ಟೀರಾಯ್ಡ್ (ಸ್ನಾಯು ಬೆಳೆಸೋ ನಿಷೇಧಿತ ಮದ್ದು) ಪ್ರಕರಣ. ಕೋಚ್ ಕೊಟ್ಟ ಜಿನ್ಸೆಂಗ್‌ನಲ್ಲಿ (ಶಕ್ತಿಗೆ ಅಂತ ತಿನ್ನೋ ಒಂದು ಬೇರು) ಕಲಬೆರಕೆ ಇತ್ತು ಅಂತ ಅವರ ಕಡೆಯ ವಾದ. ನಾಡಾ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ಸಮಿತಿ ಒಂದು ವರ್ಷ ನಿಷೇಧಿಸಿತು; 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷ ಮಾಡಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು.

ಈಗ ಸ್ಟೀರಾಯ್ಡ್‌ಗೆ ಸಾಮಾನ್ಯವಾಗಿ 4 ವರ್ಷ. ಕಲಬೆರಕೆ ಅಂತ ಸಾಬೀತಾದರೆ ಕಡಿಮೆಯಾದೀತು. ಆದರೆ ಬಿಲ್ಲಿಲ್ಲದ, ಬ್ಯಾಚ್ ನಂಬರ್ ಇಲ್ಲದ ಪುಡಿ ಹಿಡ್ಕೊಂಡು ಏನಂತ ಸಾಬೀತು ಮಾಡ್ತಾನೆ?

ಸ್ಟೀರಾಯ್ಡ್‌ನಿಂದ ಮೈಗೆ ಆಗೋ ಹಾನಿ ಬೇರೆ: ವೃಷಣ ಕುಗ್ಗುತ್ತೆ, ಎದೆ ಹೆಂಗಸರ ಹಾಗೆ ಊದಿಕೊಳ್ಳಬಹುದು, ಲಿವರ್, ಹೃದಯಕ್ಕೂ ಪೆಟ್ಟು. ಟ್ರೇನರ್ ಇದನ್ನೆಲ್ಲ ಹೇಳಿರಲ್ಲ ಬಿಡಿ.

ಇವತ್ತೇ ನಿಲ್ಲಿಸಲಿ, ಉಳಿದ ಪುಡಿಯನ್ನು ಮಾತ್ರ ಬಿಸಾಡಬೇಡಿ, ಪರೀಕ್ಷೆಗೆ ಬೇಕಾದೀತು. ಒಮ್ಮೆ ಕ್ರೀಡಾ ವೈದ್ಯರಿಗೆ ತೋರಿಸಿ. ನೆಗಡಿ ಮಾತ್ರೆಯನ್ನೂ ಕೇಳಿಯೇ ತಗೊಳ್ಳಲಿ. ಕೆಲವು ನೆಗಡಿ ಮಾತ್ರೆಗಳಲ್ಲಿರೋ ಸೂಡೋಎಫೆಡ್ರಿನ್ ಸ್ಪರ್ಧೆಯ ದಿನ ಮಿತಿ ಮೀರಿದರೆ ಅದೂ ತಪ್ಪೇ. ಇನ್ನೊಂದು, ಸ್ಯಾಂಪಲ್ ಕೇಳಿದಾಗ ಹೆದರಿ ಓಡೋದು ಬೇಡ. 2023ರಲ್ಲಿ ದೆಹಲಿ ರಾಜ್ಯ ಕೂಟಕ್ಕೆ ನಾಡಾದವರು ಬಂದಾಗ 100 ಮೀಟರ್ ಫೈನಲ್‌ನಲ್ಲಿ ಒಬ್ಬನೇ ಓಡಿದ್ದ! ತಪ್ಪಿಸಿಕೊಂಡರೆ ಅದಕ್ಕೂ 4 ವರ್ಷದವರೆಗೆ ನಿಷೇಧ ಇದೆ.